ಹೊಲಿದ ಸೊನ್ನೆಗಳು

ಹಾಲಿನ ಪಾತ್ರೆಯ ಅಂಚಿಗೆ ಅವನ ಎಡಗೈಯ ಕಿರುಬೆರಳು, ಉಂಗುರಬೆರಳು ಎರಡೂ ತಾಗಿಕೊಂಡಿದ್ದವು, ಅವನಿಗದು ಗೊತ್ತಿರಲಿಲ್ಲ. ಹೆಂಡತಿ ಓಡಿಬಂದು ಕೈ ಎಳೆದು ನಲ್ಲಿಯ ಕೆಳಗೆ ಹಿಡಿದಾಗಲೂ ಅವನ ಕಣ್ಣು ಕಿಟಕಿಯಾಚೆಯೇ ಇತ್ತು. ಎದುರುಮನೆಯವನು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಪಂಪಿನ ಹಿಡಿ ಪ್ರತಿ ಸಲವೂ ಮೇಲೆ ಬರುವಾಗ ಅರ್ಧದಲ್ಲಿ ಚೂರು ತಡೆದು ಬರುತ್ತಿತ್ತು. ಒಳಗಿನ ವಾಷರ್ ಹೋಗಿದೆ, ಹೇಳಬೇಕು ಎಂದುಕೊಂಡ. ಹೇಳುವುದಿಲ್ಲ ಎಂದೂ ಗೊತ್ತಿತ್ತು. ನೀರು ಬೀಳುತ್ತಿದ್ದ ಬೆರಳುಗಳನ್ನು ಬೇರೆ ಯಾರದೋ ಸಾಮಾನು ನೋಡಿದ ಹಾಗೆ ನೋಡಿದ. ತುದಿ ಕೆಂಪಾಗಿ ಚರ್ಮ ಸುಕ್ಕುಗಟ್ಟಿತ್ತು. ನೋವಿರಲಿಲ್ಲ. ಮೂರು ತಿಂಗಳಿಂದ ಆ ಎರಡು ಬೆರಳುಗಳು ಹೀಗೇ, ಇದ್ದೂ ಇಲ್ಲದವು. ಕತ್ತಿನಲ್ಲೆಲ್ಲೋ ನರ ಸಿಕ್ಕಿಕೊಂಡಿರಬೇಕೆಂದು ವೈದ್ಯರು ಎಂಆರ್‌ಐ ಚೀಟಿ ಬರೆದುಕೊಟ್ಟಿದ್ದರು. "ಬೆರಳು ಮಾತ್ರ ಅಂತ ಹೇಳಿದ್ರಾ ಡಾಕ್ಟರಿಗೆ?" ಎಂದಳು ಹೆಂಡತಿ, ಮುಲಾಮು ಹಚ್ಚುತ್ತಾ. ಅದು ತಮಾಷೆಯೋ ಅಲ್ಲವೋ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಈ ವಿದ್ಯೆಯನ್ನು ಚೆನ್ನಾಗಿ ಕಲಿತುಬಿಟ್ಟಿದ್ದಳು.

ಅವತ್ತೇ ಸ್ಕ್ಯಾನಿನ ದಿನ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಸ್ಕ್ಯಾನ್ ಮಾಡುವ ಎರಡು ಕಡೆ ಇದ್ದರೂ ಅವನು ಎರಡು ಬಸ್ಸು ಹತ್ತಿಳಿಯಬೇಕಾದ ಮೂರನೆಯ ಕಡೆ ಸಮಯ ಗೊತ್ತುಮಾಡಿಕೊಂಡಿದ್ದ. ಅಲ್ಲಿಯ ಯಂತ್ರ ಹೊಸದು ಎಂದು ಹೆಂಡತಿಗೆ ಹೇಳಿದ್ದ. ಯಂತ್ರ ಹೊಸದೋ ಹಳೆಯದೋ ಅವನಿಗೇನು ಗೊತ್ತು. ಅದನ್ನು ನಡೆಸುವವಳು ಅಯಸ್ಕಾಂತಮ್ಮ ಎಂಬುದು ಗೊತ್ತಿತ್ತು. ಅವನು ಕೆಲಸ ಮಾಡುವ ಖಗೋಳ ಸಂಸ್ಥೆಯ ಗ್ರಂಥಪಾಲಕ ಹೋದ ವರ್ಷ ಮಂಡಿ ತೋರಿಸಲು ಅಲ್ಲಿಗೆ ಹೋಗಿ ಬಂದವನು, ನಮ್ಮ ಅಯಸ್ಕಾಂತಮ್ಮನಿಗೆ ಕೊನೆಗೂ ಒಂದು ನಿಜವಾದ ಅಯಸ್ಕಾಂತ ಸಿಕ್ಕಿದೆ ಎಂದು ಕ್ಯಾಂಟೀನಿನಲ್ಲಿ ಹೇಳಿದ್ದ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಕ್ಯಾಂಟೀನಿನಲ್ಲಿ ಆ ಅಡ್ಡಹೆಸರು ಇಟ್ಟವನೇ ಅವನು. ನಗದೆ ಕೂತಿದ್ದರೆ ನಾಲ್ಕು ಜನ ಗಮನಿಸುತ್ತಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಮಡಿಸಿದ ಕಾಗದವಿತ್ತು, ಅಚ್ಚಿಗೆ ಹೋಗಲಿದ್ದ ಸಂಶೋಧನಾ ಪ್ರಬಂಧದ ಮೊದಲ ಪುಟ. ಶೀರ್ಷಿಕೆಯ ಕೆಳಗೆ ಅವನ ಹೆಸರು, ಅದರ ಕೆಳಗೆ ಸಂಸ್ಥೆಯ ನಿರ್ದೇಶಕರದು. ಅರವತ್ತಕ್ಕೂ ಹೆಚ್ಚು ಪ್ರಬಂಧಗಳಲ್ಲಿ ಅವನ ಹೆಸರು ಬಂದದ್ದಿದೆ: ಹನ್ನೊಂದನೆಯದಾಗಿ, ಹದಿನೇಳನೆಯದಾಗಿ, ಎಷ್ಟೋ ಸಲ 'ಮತ್ತು ಇತರರು' ಎಂಬುದರ ಹೊಟ್ಟೆಯೊಳಗೆ. ಮೊದಲನೆಯದಾಗಿ ಒಮ್ಮೆಯೂ ಇಲ್ಲ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಹೆಂಡತಿ ಈ ವಿಷಯ ತನ್ನ ತಂಗಿಗೆ ಫೋನಿನಲ್ಲಿ ಹೇಳುವುದನ್ನು ಅವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ. "ಈ ಸಲ ಇವರದ್ದೇ ಮೊದಲಂತೆ ಕಣೇ" ಎಂದಿದ್ದಳು. ಆ ದನಿಯಲ್ಲಿದ್ದ ಸಂತೋಷ ಎದುರಿಗೆ ಯಾವತ್ತೂ ಕೇಳಿದ್ದಲ್ಲ. ಕೇಳಿಸಿಕೊಂಡು ಸದ್ದಿಲ್ಲದೆ ಹಿಂದಕ್ಕೆ ಸರಿದು, ಸ್ವಲ್ಪ ಹೊತ್ತು ಬಿಟ್ಟು ಕೆಮ್ಮುತ್ತಾ ಒಳಗೆ ಬಂದಿದ್ದ.

ಸಂಸ್ಥೆಯಲ್ಲಿ ಅವನನ್ನು ದರ್ಜಿ ಎನ್ನುತ್ತಿದ್ದರು. ಉಪಗ್ರಹ ಕಳಿಸಿದ ಅಂಕಿಗಳನ್ನು ಶುದ್ಧ ಮಾಡಿ ಜೋಡಿಸುವುದು ಅವನ ಕೆಲಸ. ಮೇಲಿನ ಎಣಿಕೆಯಂತ್ರ ಎಕ್ಸ್-ಕಿರಣಗಳನ್ನು ಒಂದೊಂದಾಗಿ ಎಣಿಸಿ ಕೆಳಗೆ ಕಳಿಸುತ್ತದೆ. ದಾರಿಯಲ್ಲಿ ಪ್ರಸಾರ ಹರಿದುಹೋದಾಗ ಅಂಕಿಯ ಜಾಗದಲ್ಲಿ ಸೊನ್ನೆಗಳ ಸಾಲು ಬರುತ್ತದೆ. ಅಂಥ ಸಾಲುಗಳನ್ನು ಕತ್ತರಿಸಿ, ಎರಡು ತುದಿಗಳನ್ನು ಹೊಲಿಗೆ ಕಾಣದ ಹಾಗೆ ಸೇರಿಸುವ ನಿಯಮವೊಂದನ್ನು ಅವನೇ ಬರೆದಿದ್ದ. ಬೇರೆ ಸಂಸ್ಥೆಯವರು ಕೇಳಿ ತರಿಸಿಕೊಂಡಿದ್ದರು. ಅದೊಂದೇ ಅವನ ಕಸುಬುದಾರಿಕೆ, ಅದೊಂದೇ ಹೆಮ್ಮೆ. ಅವನು ಹೀಗೆ ಹೊಲಿದದ್ದರಲ್ಲಿ ಹೆಚ್ಚಿನದು ಒಂದೇ ನಕ್ಷತ್ರದ್ದು. ಅದಕ್ಕೂ ಒಂದು ಅಡ್ಡಹೆಸರು ಬಿದ್ದಿತ್ತು, ಕೆಮ್ಮುವ ಮುದುಕ. ಸೂರ್ಯನಿಗಿಂತ ಹೆಚ್ಚಿನ ತೂಕವನ್ನು ಒಂದು ಊರಿನಷ್ಟು ಅಗಲಕ್ಕೆ ಅದುಮಿಟ್ಟ ನ್ಯೂಟ್ರಾನ್ ನಕ್ಷತ್ರ ಅದು. ಏಳು ಸೆಕೆಂಡಿಗೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ, ಆಗಾಗ ಎಕ್ಸ್-ಕಿರಣಗಳನ್ನು ಕೆಮ್ಮುತ್ತದೆ. ಯಾಕೆ ಕೆಮ್ಮುತ್ತದೆ ಎಂಬುದಕ್ಕೆ ಹಿರಿಯರೆಲ್ಲ ಒಂದೇ ಉತ್ತರ ಹೇಳುತ್ತಿದ್ದರು: ಹೊರಗಿನಿಂದ ಧೂಳೋ ಅನಿಲವೋ ಮೇಲೆ ಬೀಳುತ್ತದೆ, ಬಿದ್ದದ್ದು ಉರಿಯುತ್ತದೆ. ಅಲ್ಲ ಎಂದವಳು ಅಯಸ್ಕಾಂತಮ್ಮ ಒಬ್ಬಳೇ. ಪಿಎಚ್‌ಡಿ ಮಾಡಲು ಬಂದವಳು, ಉದ್ದ ಜಡೆಯನ್ನು ಪೆನ್ಸಿಲ್ ಚುಚ್ಚಿ ಮೇಲೆ ಕಟ್ಟಿಕೊಂಡು ಓಡಾಡುತ್ತಿದ್ದವಳು, ಯಾರು ಸಿಕ್ಕರೂ ನಿಲ್ಲಿಸಿ ಕಾಂತಕ್ಷೇತ್ರ, ಕಾಂತಕ್ಷೇತ್ರ ಎನ್ನುತ್ತಿದ್ದವಳು. ಹೊರಗಿನಿಂದ ಏನೂ ಬೀಳಬೇಕಾಗಿಲ್ಲ ಎನ್ನುತ್ತಿದ್ದಳು. ಒಳಗಿನ ಕಾಂತಕ್ಷೇತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತಾ ಮೇಲಿನ ತೊಗಟೆಯನ್ನು ಎಳೆಯುತ್ತದೆ. ತೊಗಟೆ ತಡೆಯುವಷ್ಟು ತಡೆದು ಒಂದು ಕಡೆ ಬಿರಿಯುತ್ತದೆ. ಸಣ್ಣಪುಟ್ಟ ಸಿಡಿತಗಳು ಎಲ್ಲಿಂದಲಾದರೂ ಬರಲಿ, ದೊಡ್ಡವು ಮಾತ್ರ ಆ ಬಿರುಕಿನ ಕಡೆಯಿಂದಲೇ, ನಕ್ಷತ್ರದ ಅದೇ ಮುಖ ನಮ್ಮ ಕಡೆ ತಿರುಗಿದ ಹೊತ್ತಿನಲ್ಲೇ ಬರಬೇಕು ಎನ್ನುತ್ತಿದ್ದಳು. ಹಾಗಾದರೆ ದೊಡ್ಡದನ್ನು ಒಂದು ತೋರಿಸಮ್ಮ ಎಂದರು ಹಿರಿಯರು.

ಮೌಖಿಕ ಪರೀಕ್ಷೆಯ ದಿನ ಅವನನ್ನೂ ಕರೆದಿದ್ದರು. ಅವನೇನು ಪರೀಕ್ಷಕನಲ್ಲ, ಅಂಕಿಗಳ ಕಡೆಯವನು ಎಂದು ಗೋಡೆಯ ಪಕ್ಕದ ಕುರ್ಚಿ ಕೊಟ್ಟಿದ್ದರು. ಆ ಕುರ್ಚಿಯ ಒಂದು ಕಾಲು ಗಿಡ್ಡ. ಎರಡು ಗಂಟೆ ಹೊತ್ತು ಅಲುಗಾಡದ ಹಾಗೆ ತೊಡೆ ಬಿಗಿಹಿಡಿದು ಕೂತಿದ್ದ. ಯಾರೂ ಅವನ ಕಡೆ ನೋಡಿರಲಿಲ್ಲ, ಚಹಾ ತಂದವನು ಕೂಡ ಅವನನ್ನು ದಾಟಿಕೊಂಡು ಹೋಗಿದ್ದ. ಕೊನೆಗೆ ಅಧ್ಯಕ್ಷರು ತಿರುಗಿ, ಇಡೀ ದಾಖಲೆ ನಿಮ್ಮ ಕೈಯಲ್ಲಿ ಹಾದುಹೋಗಿದೆಯಲ್ಲ, ದೊಡ್ಡ ಸಿಡಿತ ಒಂದಾದರೂ ಇದೆಯೇ ಎಂದು ಕೇಳಿದರು. ಎಲ್ಲರ ಮುಖವೂ ಒಟ್ಟಿಗೆ ಅವನತ್ತ ತಿರುಗಿತು. ಅವನಿಗೆ ಆ ಕ್ಷಣ ಹಿಡಿಸಿತು ಎಂಬುದನ್ನು ಈಗ ಬಸ್ಸಿನ ಕಿಟಕಿಯ ಪಕ್ಕ ಕೂತು ಒಪ್ಪಿಕೊಳ್ಳಬಹುದಾಗಿತ್ತು. "ಒಂದೂ ಇಲ್ಲ" ಎಂದಿದ್ದ. ಅಷ್ಟೇ ಹೇಳಿದ್ದರೆ ಸಾಕಾಗಿತ್ತು. "ಇದ್ದಿದ್ರೆ ನನ್ನ ಕತ್ತರಿಗೆ ಸಿಗ್ತಿತ್ತು" ಎಂದು ಸೇರಿಸಿದ್ದ, ನಗಿಸಲಿಕ್ಕೆ. ನಕ್ಕರು. ಅವಳು ನಗಲಿಲ್ಲ, ಅವನ ಕಡೆ ನೋಡಲೂ ಇಲ್ಲ, ಕಪ್ಪುಹಲಗೆಯ ಮೇಲೆ ತಾನು ಬರೆದದ್ದನ್ನು ಮೂಲೆಯಿಂದ ಮೂಲೆಗೆ ಒರೆಸತೊಡಗಿದಳು. ಒರೆಸುವುದು ಮುಗಿಯುವವರೆಗೆ ಎಲ್ಲರೂ ಕಾದರು. ಮುಂದಿನ ತಿಂಗಳು ಅವಳ ಮೇಜು ಖಾಲಿಯಾಗಿತ್ತು, ಅದರ ಮೇಲೆ ಯಾರೋ ಕೊಡೆ ಇಟ್ಟಿದ್ದರು.

ಎರಡನೆಯ ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ಎಡಗೈಯಿಂದ ಕಂಬಿ ಹಿಡಿದರೆ ಹಿಡಿದಿದೆಯೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕು. ಹೋದ ತಿಂಗಳು ಉಪಗ್ರಹದ ಅಂಕಿಗಳಿದ್ದ ಹಳೆಯ ಟೇಪುಗಳನ್ನು ಹೊಸ ಭಂಡಾರಕ್ಕೆ ವರ್ಗಾಯಿಸುತ್ತಿದ್ದಾಗ ಒಂದು ಸಾಯಂಕಾಲ, ಮನೆಗೆ ಹೋಗಲು ಬೇಜಾರಾಗಿ, ಇನ್ನೊಂದು ಫೈಲು ತೆರೆದಿದ್ದ. ಉಪಗ್ರಹದ ಮೈಬಿಸಿ, ಬ್ಯಾಟರಿ ಇಂಥದ್ದನ್ನು ಬರೆದಿಡುವ ಫೈಲು. ಅದನ್ನು ಯಾರೂ ನೋಡುವುದಿಲ್ಲ. ಪ್ರಸಾರ ಹರಿದಿದ್ದರೆ ಅದರಲ್ಲೂ ಅದೇ ಹೊತ್ತಿಗೆ ಸೊನ್ನೆ ಇರಬೇಕು. ಕೆಲವು ಕಡೆ ಇರಲಿಲ್ಲ. ಎಣಿಕೆಯಂತ್ರ ಸೊನ್ನೆ ಎನ್ನುತ್ತಿದ್ದ ಅಂಥ ನಾಲ್ಕು ನಾಲ್ಕು ಸೆಕೆಂಡುಗಳಲ್ಲಿ ಮೈಬಿಸಿ, ಬ್ಯಾಟರಿ ಎಲ್ಲವೂ ಸರಿಯಾಗಿ ಕೆಳಗೆ ಬರುತ್ತಲೇ ಇದ್ದವು. ಎಂದರೆ ಹರಿದದ್ದೇನೂ ಇಲ್ಲ. ಮಿತಿಮೀರಿ ಬೆಳಕು ಬಿದ್ದಾಗ ಎಣಿಕೆಯಂತ್ರ ಸುಟ್ಟುಹೋಗದಿರಲೆಂದು ತಾನೇ ಕಣ್ಣು ಮುಚ್ಚಿಕೊಳ್ಳುತ್ತದೆ. ಕೈಪಿಡಿಯಲ್ಲಿ ಆ ಮಾತು ಇತ್ತು, ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ. ನಕ್ಷತ್ರ ಅತ್ಯಂತ ಜೋರಾಗಿ ಸಿಡಿದ ಹೊತ್ತನ್ನೇ ಅದು ಸೊನ್ನೆ ಎಂದು ಬರೆದಿತ್ತು. ಅದನ್ನೇ ಅವನು ಹುಡುಕಿ ಹುಡುಕಿ ಕತ್ತರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಿದ್ದ. ಆ ಸಾಯಂಕಾಲ ಅವನಿಗೆ ಆಘಾತವಾಗಬೇಕಾಗಿತ್ತು. ಎದ್ದು ಹೋಗಿ ನೀರು ಕುಡಿದು ಬಂದ. ಆಮೇಲೆ ಆ ಸೊನ್ನೆಗಳು ಬಿದ್ದ ಹೊತ್ತನ್ನೆಲ್ಲ ನಕ್ಷತ್ರದ ಏಳು ಸೆಕೆಂಡಿನ ತಿರುಗಣಿಯ ಮೇಲೆ ಇಟ್ಟು ನೋಡಿದ. ಎಲ್ಲವೂ ಒಂದೇ ಕಡೆ ಬಂದು ಕೂತವು, ಅವಳು ಹೇಳಿದ್ದ ಹಾಗೆ.

ನಿರ್ದೇಶಕರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ವಯಸ್ಸಿನಲ್ಲಿ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವರು, ಒಳ್ಳೆಯವರು, ಅವನನ್ನು ಸಾರ್ ಎಂದೇ ಕರೆಯುವವರು. ಪ್ರಬಂಧವನ್ನು ಹತ್ತು ದಿನದಲ್ಲಿ ಬರೆದರು. 'ಹಿಂದಿನ ಸಂಸ್ಕರಣೆಯಲ್ಲಿ ಈ ಅಂತರಗಳು ಬಿಟ್ಟುಹೋಗಿದ್ದವು' ಎಂದು ಒಂದು ವಾಕ್ಯವಿತ್ತು. ಯಾರು ಬಿಟ್ಟರು ಎಂದಿರಲಿಲ್ಲ. ಅವಳ ಮಾತು ಬಂದಾಗ ನಿರ್ದೇಶಕರು ಸ್ವಲ್ಪ ಯೋಚಿಸಿ, ಕಲ್ಪನೆ ಅವರದ್ದಾದ ಮೇಲೆ ನ್ಯಾಯವಾಗಿ ಮೊದಲ ಹೆಸರು ಅವರದ್ದು ಎಂದರು. ನೀವು ಒಂದು ಮಾತು ಕೇಳಿ ಬನ್ನಿ ಸಾರ್, ಬೇಕು ಅಂದ್ರೆ ಹಾಕೋಣ, ಬೇಡ ಅಂದ್ರೆ ಕೊನೆಯಲ್ಲಿ ಕೃತಜ್ಞತೆ ಹೇಳಿ ನಿಮ್ಮ ಹೆಸರೇ ಮೊದಲು ಇಡೋಣ, ಇಷ್ಟು ವರ್ಷ ಆಯ್ತು, ಅವರಿಗೂ ಇದೆಲ್ಲ ಬೇಡವಾಗಿರುತ್ತೆ ಬಿಡಿ ಎಂದರು. ಸ್ಕ್ಯಾನಿನ ದಿನವೇ ಸಂಜೆ ಐದಕ್ಕೆ ಪ್ರಬಂಧ ಕಳಿಸುವುದೆಂದು ಗೊತ್ತಾಗಿತ್ತು. ಅಷ್ಟರೊಳಗೆ ಅವನು ಫೋನ್ ಮಾಡಿ ತಿಳಿಸಬೇಕು. ಬರೆಸಿಕೊಂಡು ಬರಬೇಕೇ ಎಂದು ಅವನು ಕೇಳಿದ್ದಕ್ಕೆ ನಿರ್ದೇಶಕರು ಕೈಮುಗಿಯುವಂತೆ ಮಾಡಿ, ನಿಮ್ಮ ಮಾತೇ ಸಾಕು ಎಂದಿದ್ದರು.

ಸ್ಕ್ಯಾನ್ ಕೇಂದ್ರ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಇಳಿಜಾರು ದಾರಿ, ಫಿನಾಯಿಲ್ ವಾಸನೆ, ಒಂದಕ್ಕೊಂದು ಅಂಟಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಒಬ್ಬರು ಎದ್ದರೆ ಸಾಲಿನಲ್ಲಿದ್ದವರೆಲ್ಲ ಅಲುಗುತ್ತಿದ್ದರು. ಮುಂಗಟ್ಟೆಯ ಹುಡುಗಿ ಒಂದು ಹಾಳೆ ಕೊಟ್ಟಳು. ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಬಿದ್ದಿದೆಯೇ, ಮೈಯೊಳಗೆ ಲೋಹವೇನಾದರೂ ಇದೆಯೇ, ಮುಚ್ಚಿದ ಜಾಗದಲ್ಲಿ ಭಯವಾಗುತ್ತದೆಯೇ. ಎಲ್ಲಕ್ಕೂ ಇಲ್ಲ ಎಂದು ಗುರುತು ಹಾಕುತ್ತಾ ಹೋದ. ಕೊನೆಯ ಪ್ರಶ್ನೆ, ಈ ಹಿಂದೆ ಯಾವುದಾದರೂ ಅಹಿತಕರ ಘಟನೆ ನಡೆದಿತ್ತೇ ಎಂದಿತ್ತು. ಸ್ಕ್ಯಾನಿಗೆ ಸಂಬಂಧಿಸಿದ್ದೇ ಎಂದು ಹುಡುಗಿಯನ್ನು ಕೇಳಿದ. ಮತ್ತಿನ್ಯಾವುದಕ್ಕೆ ಎಂಬಂತೆ ಅವಳು ಅವನನ್ನು ನೋಡಿದಳು. ಅದಕ್ಕೂ ಇಲ್ಲ ಎಂದು ಗುರುತು ಹಾಕಿ, ಕೈಗಡಿಯಾರ, ಬೆಲ್ಟು, ಕನ್ನಡಕ, ಫೋನು ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿದ. ಮದುವೆಯ ಉಂಗುರ ಬರಲಿಲ್ಲ. ಸೋಪು ಹಚ್ಚಿ ತಿರುಗಿಸಿ ಎಳೆಯಬೇಕಾಯಿತು. ಚರ್ಮ ಕಿತ್ತು ಬಂದದ್ದನ್ನು ಆಮೇಲೆ ರಕ್ತ ನೋಡಿ ತಿಳಿದುಕೊಂಡ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೊಟ್ಟ ಅಂಗಿಗೆ ಹಿಂದುಗಡೆ ಕಟ್ಟುವ ಲಾಡಿಗಳಿದ್ದವು. ಬಲಗೈಯ ಬೆರಳುಗಳು ಕಟ್ಟಬೇಕೆನ್ನುತ್ತಿದ್ದವು, ಎಡಗೈಯವು ಒಂದೊಂದು ಸಲವೂ ಲಾಡಿಯನ್ನು ಬಿಟ್ಟುಬಿಡುತ್ತಿದ್ದವು. ನಾಲ್ಕು ಸಲ ಪ್ರಯತ್ನಿಸಿ, ಹಿಂದೆ ಎರಡು ಅಂಚುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ, ಕನ್ನಡಕವಿಲ್ಲದ ಮಬ್ಬು ಕಣ್ಣಿನಲ್ಲಿ ಹೊರಗೆ ಬಂದ. ಇಷ್ಟು ವರ್ಷದ ಮೇಲೆ ಅವಳೆದುರು ಹೀಗೆ ನಿಲ್ಲುವೆನೆಂದು ಅವನು ಲೆಕ್ಕ ಹಾಕಿರಲಿಲ್ಲ. ಮನಸ್ಸಿನಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಇಬ್ಬರ ನಡುವೆ ಒಂದು ಮೇಜಿತ್ತು. ನೀಲಿ ಉಡುಪಿನ ಹೆಂಗಸೊಬ್ಬಳು ಹಾಳೆ ಓದುತ್ತಾ ಹತ್ತಿರ ಬಂದಳು. ಕತ್ತರಿಸಿದ ಗಿಡ್ಡ ಕೂದಲು, ಅರ್ಧಕ್ಕರ್ಧ ಬಿಳಿ. ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ಜೋತಾಡುತ್ತಿತ್ತು. ಹೆಸರು ಓದಿದಳು, ಹುಟ್ಟಿದ ವರ್ಷ ಕೇಳಿದಳು, ಯಾವ ಕೈ ಎಂದು ಕೇಳಿದಳು. ಎಲ್ಲರನ್ನೂ ಕೇಳುವ ದನಿ. ಅವಳಿಗೆ ಗುರುತು ಸಿಕ್ಕಿಲ್ಲ ಎಂದುಕೊಂಡಾಗ ಅವನಿಗೆ ಹಾಯೆನಿಸಿತು, ಮರುಕ್ಷಣ ಪೆಚ್ಚೆನಿಸಿತು. ಅವಳು ಅವನ ಹಿಂದೆ ಹೋಗಿ, ಮುಷ್ಟಿಯನ್ನು ಬಿಡಿಸಿ, ಲಾಡಿಗಳನ್ನು ಒಂದೊಂದಾಗಿ ಕಟ್ಟತೊಡಗಿದಳು. "ದರ್ಜಿಗೆ ಗಂಟು ಹಾಕೋಕೆ ಬರಲ್ವಾ?" ಎಂದಳು. ಅವನು ತಿರುಗಲು ಹೋದ. ಅಲುಗಬೇಡಿ, ಇನ್ನೊಂದಿದೆ ಎಂದಳು.

ಯಂತ್ರದ ಹಲಗೆಯ ಮೇಲೆ ಮಲಗಿಸಿ, ಕಿವಿಗೆ ಮೆತ್ತೆ ತುರುಕಿ, ಕತ್ತಿನ ಸುತ್ತ ಪಂಜರದಂಥದ್ದನ್ನು ಬಿಗಿದಳು. ಬಲಗೈಗೆ ಒಂದು ರಬ್ಬರ್ ಚೆಂಡು ಕೊಟ್ಟು, ಏನಾದರೂ ಆದರೆ ಒತ್ತಿ ಎಂದಳು. ಕತ್ತಿನ ಚಿತ್ರ, ಸದ್ದು ಬರುವಾಗ ಎಂಜಲು ನುಂಗಬೇಡಿ, ನುಂಗಿದರೆ ಚಿತ್ರ ಕೆಡುತ್ತದೆ ಎಂದಳು. ಈಗಲೇ ಹೇಳಿಬಿಡೋಣ ಎಂದು ಅವನು ಬಾಯಿ ತೆರೆದ. ಯಂತ್ರ ಶುರುಮಾಡಿದ್ದೀರಾ ಎಂಬ ಮಾತು ಹೊರಗೆ ಬಂತು. ಈ ಅಯಸ್ಕಾಂತವನ್ನು ಆರಿಸುವುದೇ ಇಲ್ಲ, ನೀವು ಒಳಗೆ ಬಂದಾಗಿನಿಂದ ಇದು ನಡೀತಾನೇ ಇದೆ ಎಂದು ಹೇಳಿ ಅವಳು ಹೊರಟುಹೋದಳು. ಹಲಗೆ ಅವನನ್ನು ಒಳಗೆ ಎಳೆದುಕೊಂಡಿತು. ಮೂಗಿನಿಂದ ಒಂದು ಗೇಣು ಮೇಲೆ ಬೆಳ್ಳನೆಯ ಛಾವಣಿ. ಈ ಅಯಸ್ಕಾಂತದ ಬಲ ಒಂದೂವರೆ ಟೆಸ್ಲಾ. ಕೆಮ್ಮುವ ಮುದುಕನದ್ದು ಇದರ ಸುಮಾರು ಏಳು ಸಾವಿರ ಕೋಟಿ ಪಟ್ಟು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಅಷ್ಟು ಹತ್ತಿರ ಹೋದರೆ ಪರಮಾಣುಗಳೇ ದಾರದಂತೆ ಸಣ್ಣಗೆ ಎಳೆದುಕೊಳ್ಳುತ್ತವೆ ಎಂದು ಅವಳು ಒಮ್ಮೆ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದ್ದಳು, ಕಣ್ಣರಳಿಸಿಕೊಂಡು, ಹೊಸ ಸಿನಿಮಾದ ಕಥೆ ಹೇಳುವ ಹಾಗೆ. ಆಗ ಅವನು ಅವಳ ಭುಜದ ಮೇಲಿಂದ ಗಡಿಯಾರ ನೋಡಿದ್ದ. ಮೊದಲ ಸದ್ದು ಶುರುವಾಯಿತು, ಗೋಡೆಗೆ ಯಾರೋ ಸುತ್ತಿಗೆಯಿಂದ ಒಂದೇ ಸಮನೆ ಹೊಡೆಯುವ ಸದ್ದು. ಕಿವಿಯಲ್ಲಿ ಅವಳ ದನಿ, ಇದು ನಾಲ್ಕು ನಿಮಿಷ ಎಂದಿತು.

ನುಂಗಬೇಡಿ ಎಂದ ಕೂಡಲೇ ಬಾಯಿ ತುಂಬ ಎಂಜಲು. ನಾಲಿಗೆಯ ಕೆಳಗೆ ಕೂಡಿಕೊಂಡು, ಕೆನ್ನೆಯ ಕಡೆ ಹೊರಳಿ, ಗಂಟಲ ಬಾಗಿಲಿಗೆ ಬಂದು ನಿಂತಿತು. ಅವನು ಬೇರೆ ಏನನ್ನಾದರೂ ಯೋಚಿಸಲು ಹೋದ, ಬಂದದ್ದು ಬೇರೆಯದಲ್ಲ. ಮೌಖಿಕ ಪರೀಕ್ಷೆಗೆ ಎರಡು ವಾರ ಮುಂಚೆ ಅವಳು ಅವನ ಕೋಣೆಗೆ ಬಂದಿದ್ದಳು, ಮಧ್ಯಾಹ್ನ, ಅವನು ಊಟದ ಡಬ್ಬಿ ತೆರೆಯುವ ಹೊತ್ತು. ತೋಳಿನಲ್ಲಿ ಮುದ್ರಿಸಿದ ಕಾಗದದ ಸುರುಳಿ. ಈ ಸೊನ್ನೆಗಳು ಎಲ್ಲಾ ನಿಜವಾಗಲೂ ಹರಿದ ಜಾಗಗಳೇ ಎಂದು ಕೇಳಿದಳು. ಹೌದು ಎಂದ. ಖಂಡಿತಾನಾ ಎಂದಳು. ಅವನಿಗೆ ಅದು ನಾಟಿತ್ತು. ದೊಡ್ಡವರೆಲ್ಲ ಅವನ ಕೆಲಸವನ್ನು ಕೆಲಸ ಎಂದೇ ಎಣಿಸದಿದ್ದ ಕಾಲ. ನಿನ್ನೆ ಮೊನ್ನೆ ಬಂದವಳೂ ತನ್ನ ಹೊಲಿಗೆಯಲ್ಲಿ ತಪ್ಪು ಹುಡುಕಬೇಕೇ ಎನಿಸಿತ್ತು. ಒಂದು ಸಲ ನೋಡಿ ಎಂದು ಅವಳು ಸುರುಳಿ ಬಿಚ್ಚಲು ಹೋದಳು. ಮೇಜಿನ ಮೇಲೆ ಅನ್ನ ಇದೆ, ಕಾಗದಕ್ಕೆ ಅಂಟುತ್ತೆ ಎಂದಿದ್ದ. ಆಮೇಲೆ ಬರ್ತೀನಿ ಎಂದು ಹೋದಳು. ಬಾಗಿಲು ಹಾಕಿಕೊಂಡ ಮೇಲೆ ಅವನು ಊಟ ಮಾಡಿದ. ಅವಳು ಆಮೇಲೆ ಬಂದಳೇ? ಬಂದಿದ್ದಳು, ಎರಡು ಸಲ. ಗಾಜಿನ ಬಾಗಿಲಿನಾಚೆ ಅವಳ ನೆರಳು ಕಂಡು ಅವನು ಫೋನ್ ಎತ್ತಿ ಕಿವಿಗಿಟ್ಟುಕೊಂಡಿದ್ದ. ಆ ಕಡೆ ಯಾರೂ ಇರಲಿಲ್ಲ. ಇಷ್ಟು ವರ್ಷ ಇದನ್ನು ಅವನು ಮರೆತಿದ್ದನೆಂದಲ್ಲ; ತೆಗೆದಿರಲಿಲ್ಲ, ಅಷ್ಟೆ. ಗಂಟಲು ತಾನಾಗಿ ಎಂಜಲನ್ನು ನುಂಗಿತು. ಸದ್ದು ನಿಂತಿತು. ನುಂಗಿದ್ರಿ, ಇದನ್ನ ಮತ್ತೆ ಮಾಡ್ಬೇಕು ಎಂದು ಕಿವಿಯಲ್ಲಿ ಅವಳ ದನಿ ಬೇಸರವಿಲ್ಲದೆ ಹೇಳಿತು.

ಮೂರು ಸಲ ಮಾಡಬೇಕಾಯಿತು. ನಡುವೆ ಒಮ್ಮೆ ರಬ್ಬರ್ ಚೆಂಡು ಒತ್ತಿದ. ಹಲಗೆ ಹೊರಗೆ ಬಂತು, ಅವಳು ಬಂದು ಬಗ್ಗಿ ನೋಡಿದಳು. ಏನಾಯಿತು ಎಂದು ಕೇಳಿದಳು. ಕೆಳಗಿನಿಂದ ಅವಳ ಮುಖ ತಲೆಕೆಳಗಾಗಿ ಕಾಣುತ್ತಿತ್ತು, ಗಲ್ಲದ ಕೆಳಗೆ ಒಂದು ಹಳೆಯ ಗಾಯದ ಗೆರೆ. ಹೇಳಬೇಕಾದದ್ದು ನಾಲ್ಕೇ ಮಾತು. ಕಾಲು ತಣ್ಣಗಾಗುತ್ತಿದೆ ಎಂದ. ಅವಳು ಒಂದು ಹೊದಿಕೆ ತಂದು ಪಾದಗಳ ಮೇಲೆ ಹೊದಿಸಿ, ಅಂಚನ್ನು ಹಿಮ್ಮಡಿಯ ಕೆಳಗೆ ಸೇರಿಸಿ ಮತ್ತೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಅವನು ಕಣ್ಣು ಮುಚ್ಚಿದ.

ಎಲ್ಲ ಮುಗಿದು ಬಟ್ಟೆ ತೊಟ್ಟುಕೊಂಡು ಅವನು ಅವಳ ಕೋಣೆಯ ಬಾಗಿಲಿಗೆ ಬಂದಾಗ ಮೂರೂವರೆ. ಅವಳು ಪರದೆಯ ಮುಂದೆ ಕೂತು ಅವನ ಕತ್ತಿನ ಚಿತ್ರಗಳನ್ನು ಒಂದೊಂದಾಗಿ ದಾಟಿಸುತ್ತಿದ್ದಳು. ಬೂದು ಬಣ್ಣದ ಮಣಿಗಳ ಸಾಲಿನಲ್ಲಿ ಒಂದು ಕಡೆ ಏನೋ ಒತ್ತಿಕೊಂಡಿದ್ದು ಅವನಿಗೂ ಕಂಡಿತು. ಏನಿದೆ ಎಂದು ಕೇಳಿದ. "ನಾನು ಹೇಳೋ ಹಾಗಿಲ್ಲ. ಡಾಕ್ಟರ್ ಬರೆದು ಕೊಡ್ತಾರೆ" ಎಂದಳು. ಕಂಡದ್ದನ್ನು ಹೇಳದಿರುವುದು ಇಲ್ಲಿ ನಿಯಮ, ಹದಿನೆಂಟು ವರ್ಷದಿಂದ ರೂಢಿಯಾಗಿದೆ ಎಂದು ನಕ್ಕಳು. ಆ ನಗು ಇಬ್ಬರಿಗೂ ಸೇರಿದ್ದೋ ಅವಳೊಬ್ಬಳದೋ ತಿಳಿಯಲಿಲ್ಲ. ಅವನು ಕೂರಲು ಜಾಗ ಹುಡುಕಿದ. ಇನ್ನೊಂದು ಕುರ್ಚಿಯ ಮೇಲೆ ಅವಳ ಚೀಲ, ಛತ್ರಿ, ಊಟದ ಡಬ್ಬಿ ಇದ್ದವು. ಅವಳು ತೆಗೆಯಲಿಲ್ಲ. ನಿಂತುಕೊಂಡೇ ಹೇಳಿದ. ಮೈಬಿಸಿಯ ಫೈಲಿನಿಂದ ಶುರುಮಾಡಿದ, ಎಣಿಕೆಯಂತ್ರ ಕಣ್ಣು ಮುಚ್ಚಿಕೊಳ್ಳುವುದನ್ನು ಹೇಳಿದ, ಸೊನ್ನೆಗಳೆಲ್ಲ ನಕ್ಷತ್ರದ ಒಂದೇ ಮುಖದ ಹೊತ್ತಿಗೆ ಬಂದು ಕೂತದ್ದನ್ನು ಹೇಳಿದ. ತನ್ನ ನಿಯಮ ಅವನ್ನು ಕತ್ತರಿಸಿತ್ತು ಎಂದ. ನಿಯಮ ಎಂದನೇ ಹೊರತು ನಾನು ಎನ್ನಲಿಲ್ಲ. ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು. ಬೆರಳು ಮೌಸಿನ ಮೇಲೆ ಹಾಗೇ ನಿಂತಿತ್ತು.

"ಎಷ್ಟು ಸಿಕ್ಕವು?" ಎಂದಳು.

"ನಲವತ್ತೊಂದು."

"ನಾನು ನಲವತ್ತಮೂರು ಎಣಿಸಿದ್ದೆ."

ಎರಡು ಟೇಪಿನ ಸಂದಿಯಲ್ಲಿ ಇರ್ತವೆ ನೋಡಿ ಎಂದಳು ಅವಳು, ಅವನ ಕಡೆ ಈಗ ತಿರುಗಿ, ದಾರಿ ತಪ್ಪಿದವನಿಗೆ ದಾರಿ ಹೇಳುವಷ್ಟು ಸಹಜವಾಗಿ. ಸೊನ್ನೆಯ ಅರ್ಧ ಒಂದು ಟೇಪಿನ ಕೊನೆಯಲ್ಲಿ, ಉಳಿದರ್ಧ ಮುಂದಿನದರ ಶುರುವಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೇ ಕಾಣುವುದು. ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಒಂದು, ಹತ್ತೊಂಬತ್ತು ಇಪ್ಪತ್ತರ ನಡುವೆ ಇನ್ನೊಂದು. ಟೇಪಿನ ಸಂಖ್ಯೆಗಳು ಅವಳ ನಾಲಿಗೆಯ ತುದಿಯಲ್ಲೇ ಇದ್ದವು. ಇಪ್ಪತ್ತೆರಡು ವರ್ಷ ಅವು ಅಲ್ಲೇ ಇದ್ದವೇ ಎಂದು ಅವನು ಯೋಚಿಸಿದ. ತಾನು ಕ್ಷಮೆ ಕೇಳಬೇಕಾದ ಜಾಗ ಇದೇ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಕೇಳುವ ಬದಲು ಜೇಬಿನಿಂದ ಕಾಗದ ತೆಗೆದು ಬಿಡಿಸಿದ. ಪ್ರಬಂಧ ಇವತ್ತೇ ಹೋಗುತ್ತದೆ, ನಿಮ್ಮ ಹೆಸರು ಹಾಕಬಹುದೇ ಎಂದು ಕೇಳಿ ಬರಲು ನಿರ್ದೇಶಕರು ಹೇಳಿದ್ದಾರೆ ಎಂದ. ಆಮೇಲೆ, ಬಳಸಬಾರದೆಂದುಕೊಂಡೇ ಬಂದಿದ್ದ ದನಿಯಲ್ಲಿ, ಇಷ್ಟು ವರ್ಷ ಆಯಿತು, ನಿಮಗೆ ಇದರ ರಗಳೆ ಬೇಡ ಎನಿಸಿದರೆ ಅರ್ಥವಾಗುತ್ತದೆ ಎಂದೂ ಸೇರಿಸಿದ.

ಅವಳು ಎದೆಯ ಮೇಲಿನ ಕನ್ನಡಕ ಏರಿಸಿ ಕಾಗದ ಓದಿದಳು. ಶೀರ್ಷಿಕೆ ಓದುವಾಗ ತುಟಿ ಚೂರು ಅಲುಗಿತು. ಅವನ ಹೆಸರಿನ ಮೇಲೆ ಹೆಬ್ಬೆರಳು ಇತ್ತು. ಬೇಕೆಂದು ಇಟ್ಟದ್ದಲ್ಲ, ಹಿಡಿದ ಜಾಗ ಅದು.

"ಹಾಕಿ," ಎಂದಳು. "ಮೊದಲು ನನ್ನದೇ ಹಾಕಿ. ಬೇಡ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ."

ಅದನ್ನು ಅವಳು ಕೋಪದಿಂದ ಹೇಳಲಿಲ್ಲ. ಕನ್ನಡಕ ತೆಗೆದು ಕಣ್ಣನ್ನು ಕೈಯ ಹಿಂಬದಿಯಿಂದ ಒತ್ತಿಕೊಂಡಳು, ಒಮ್ಮೆ, ಮತ್ತೊಮ್ಮೆ. "ಅಚ್ಚಾದ ಮೇಲೆ ಒಂದು ಪ್ರತಿ ಕಳಿಸ್ತೀರಾ? ಅಮ್ಮ ಇದಾರೆ ಇನ್ನೂ. ಆ ಕೆಲಸ ಏನಾಯ್ತು ಅಂತ ವರ್ಷಕ್ಕೊಂದು ಸಲ ಕೇಳ್ತಾರೆ" ಎಂದಳು. ಕಳಿಸ್ತೀನಿ ಎಂದ. ವಿಳಾಸವನ್ನು ಕಾಗದದ ಹಿಂದೆ ತಾನೇ ಬರೆದುಕೊಟ್ಟಳು, ದುಂಡಗೆ, ಬಿಡಿ ಬಿಡಿಯಾಗಿ, ಯಾರು ಓದಿದರೂ ತಪ್ಪಾಗದಂತೆ. ಅಷ್ಟರಲ್ಲಿ ಮುಂಗಟ್ಟೆಯ ಹುಡುಗಿ ಇಣುಕಿ ಮುಂದಿನವರು ಕಾಯುತ್ತಿದ್ದಾರೆ ಎಂದಳು. ಅಯಸ್ಕಾಂತಮ್ಮ ಎದ್ದು, ಹೋಗುವ ಮುಂಚೆ ಅವನ ಕಡೆ ನೋಡಿ ತಲೆಯಾಡಿಸಿದಳು. ಕೃತಜ್ಞತೆಯಂತೆಯೇ ಕಂಡಿತು ಅದು. ಅದನ್ನು ಅವನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಇಳಿಜಾರು ಹತ್ತಿ ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ಪತ್ರಿಕೆಯ ಪದಬಂಧ ತುಂಬುತ್ತಾ ಕೂತಿದ್ದ. ಅವನು ಪಕ್ಕದಲ್ಲಿ ಕೂತ. ತಾನು ಇಷ್ಟು ದೂರ ಬಂದದ್ದು ಅವಳಿಗೆ ಹೇಳಲಿಕ್ಕಲ್ಲ, ಅವಳ ಬಾಯಿಂದ ಬೇಡ ಎನ್ನಿಸಿಕೊಳ್ಳಲಿಕ್ಕೆ ಎಂಬುದು ಅವನಿಗೆ ಈಗ ಹೊಸದಾಗಿ ತಿಳಿದದ್ದೇನಲ್ಲ. ಬೆಳಿಗ್ಗೆಯೂ ಗೊತ್ತಿತ್ತು. ಹೆಂಡತಿ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದ ದನಿ ನೆನಪಾಯಿತು. ಅಯಸ್ಕಾಂತಮ್ಮ ಇವನ್ನೆಲ್ಲ ಓದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ, ಪ್ರತಿ ಬರಲಿಲ್ಲವೆಂದು ಕೇಳುವವಳೂ ಅಲ್ಲ, ಕೇಳಿದರೂ ಆ ಹೊತ್ತಿಗೆ ತಾನು ಸಂಸ್ಥೆಯಲ್ಲಿ ಇರುವುದೂ ಇಲ್ಲ. ಹೀಗೆ ಒಂದೊಂದಾಗಿ ಲೆಕ್ಕ ಹಾಕುತ್ತಿರುವಾಗ ಎದೆಯೊಳಗೆ ಏನಾದರೂ ಆಗುತ್ತದೆಂದು ಕಾದ. ಹೊಟ್ಟೆ ಹಸಿಯುತ್ತಿತ್ತು, ಮತ್ತೇನೂ ಇರಲಿಲ್ಲ. ಇನ್ನೂ ನಾಲ್ಕೂಕಾಲು. ಫೋನ್ ತೆಗೆದು ನಿರ್ದೇಶಕರ ಸಂಖ್ಯೆ ಒತ್ತಿದ.

ನಿರ್ದೇಶಕರು ಮೊದಲು ಕತ್ತಿನ ಬಗ್ಗೆ ಕೇಳಿದರು. ಆಮೇಲೆ, ಸಿಕ್ಕಿದ್ರಾ, ಏನಂದ್ರು ಎಂದು ಕೇಳಿದರು.

"ಬೇಡ ಅಂದ್ರು," ಎಂದ.

ದೊಡ್ಡ ಮನಸ್ಸು ಸಾರ್ ಅವರದ್ದು, ಕೃತಜ್ಞತೆಯ ಸಾಲನ್ನು ಇನ್ನಷ್ಟು ಚೆನ್ನಾಗಿ ಬರೀತೀನಿ, ಹಾಗಾದರೆ ಕಳಿಸಿಬಿಡಲೇ ಎಂದರು ನಿರ್ದೇಶಕರು. ಬಸ್ಸು ದೂರದಲ್ಲಿ ಕಾಣಿಸಿತು. ಪಕ್ಕದಲ್ಲಿದ್ದ ಮುದುಕ ಪತ್ರಿಕೆ ಮಡಿಸತೊಡಗಿದ.

"ಒಂದು ನಿಮಿಷ," ಎಂದ ಅವನು. "ಸಂಖ್ಯೆ ತಿದ್ದಬೇಕು. ನಲವತ್ತೊಂದಲ್ಲ, ನಲವತ್ತಮೂರು. ಟೇಪಿನ ಸಂದಿಯಲ್ಲಿ ಎರಡು ಬಿಟ್ಟುಹೋಗಿವೆ. ಆರು ಏಳರ ನಡುವೆ ಒಂದು, ಹತ್ತೊಂಬತ್ತು ಇಪ್ಪತ್ತರ ನಡುವೆ ಒಂದು."

ನಿಮ್ಮ ಕಣ್ಣೇ ಕಣ್ಣು ಸಾರ್, ಇದು ಯಾವಾಗ ನೋಡಿದ್ರಿ ಎಂದು ನಿರ್ದೇಶಕರು ಕೇಳಿದರು.

"ಬೆಳಿಗ್ಗೆ," ಎಂದು ಹೇಳಿ ಅವನು ಬಸ್ಸಿಗೆ ಕೈ ಅಡ್ಡ ಹಿಡಿದ.